ಕ್ವಿಕ್‌ಸ್ಯಾಂಡ್ ಮನುಷ್ಯನ್ನ ಪೂರ್ತಿ ನುಂಗುತ್ತಾ? ಸಿಕ್ಕಾಕೊಂಡ್ರೆ ಹೊರಗೆ ಬರೋದು ಹೇಗೆ?

ಬೆಣ್ಣೆದೋಸೆ_ಪ್ರೆಸ್ಟನ್

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಈಗ ಇಂಗ್ಲೆಂಡ್‌ನ ಪ್ರೆಸ್ಟನ್‌ನಲ್ಲಿ ಕೆಲಸ. ನಮ್ಮ ಆಫೀಸ್ನೋರೆಲ್ಲ ಸೇರ್ಕೊಂಡು ಚಾರಿಟಿಗೆ ಅಂತ ಮೋರ್ಕಂ ಬೇ ದಾಟೋ ನಡಿಗೆಗೆ ಹೆಸರು ಕೊಟ್ಟಿದಾರೆ. ಆರ್ನ್‌ಸೈಡ್ ಅನ್ನೋ ಊರಿಂದ ಹೊರಟು ಕೊಲ್ಲಿಯ ಆ ಕಡೆ ಇರೋ ಕೆಂಟ್ಸ್ ಬ್ಯಾಂಕ್ ತನಕ, ಸಮುದ್ರ ಹಿಂದಕ್ಕೆ ಸರಿದಾಗ ಬಯಲಾಗೋ ಮರಳಿನ ಮೇಲೇ ಹೆಚ್ಚುಕಮ್ಮಿ 13 ಕಿಲೋಮೀಟರ್ ನಡೆಯೋದು. ಎಲ್ರೂ ಹೂಂ ಅಂದ್ರಲ್ಲ ಅಂತ ನಾನೂ ಹೂಂ ಅಂದೆ. ಮನೆಗೆ ಬಂದು ಹೇಳಿದ್ರೆ ನಮ್ಮನೆಯವಳು ಮೊಬೈಲ್ ಹಿಡ್ಕೊಂಡು ಕೂತು ಅದೇನೇನೋ ಓದಿ, ಅಲ್ಲಿ ಕ್ವಿಕ್‌ಸ್ಯಾಂಡ್, ಅಂದ್ರೆ ಕಾಲಿಟ್ರೆ ಕುಸಿಯೋ ಹಸಿ ಮರಳು, ಇದೆಯಂತೆ, ಟ್ರಾಕ್ಟರೇ ಮುಳುಗಿದೆಯಂತೆ ಅಂತ ಗಲಾಟೆ. ಅಷ್ಟಕ್ಕೇ ಬಿಡದೆ ಊರಿಗೆ ಫೋನ್ ಮಾಡಿ ಅಮ್ಮಂಗೂ ಹೇಳಿದಾಳೆ. ಅಮ್ಮ ಅಂತೂ "ಹುದುಲಲ್ಲಿ ಕಾಲಿಟ್ಟು ಸಾಯೋಕೆ ವಿಮಾನ ಹತ್ಕೊಂಡು ಅಷ್ಟು ದೂರ ಹೋದ್ಯೇನೋ" ಅಂತ ಶುರು ಹಚ್ಚಿದಾರೆ.

ನನ್ನ ತಲೇಲಿ ಇರೋದು ಬರೀ ಹಳೇ ಸಿನಿಮಾ ಸೀನುಗಳು. ವಿಲನ್ ಮೊದ್ಲು ಸೊಂಟದ ತನಕ ಇಳೀತಾನೆ, ಆಮೇಲೆ ಕತ್ತಿನ ತನಕ, ಕೊನೆಗೆ ಟೋಪಿ ಒಂದು ಮೇಲೆ ಉಳಿಯುತ್ತೆ. ಇದು ನಿಜಾನಾ, ಇಲ್ಲ ಬರೀ ಕಥೆನಾ? ನಿಜ ಆದ್ರೆ ಸಿಕ್ಕಾಕೊಂಡವನು ಏನು ಮಾಡ್ಬೇಕು? ಅಲ್ಲಾಡಬಾರ್ದು ಅಂತ ಕೆಲವರು, ಈಜಬೇಕು ಅಂತ ಇನ್ನು ಕೆಲವರು. ಮಗನ್ನೂ ಕರ್ಕೊಂಡು ಹೋಗೋಣ ಅಂತ ಆಸೆ ಇತ್ತು, ಒಂಬತ್ತು ವರ್ಷ ಅವನಿಗೆ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ, ಯೂಟ್ಯೂಬ್ ಲಿಂಕ್ ಹಾಕಿ ಓಡಿಹೋಗ್ಬೇಡಿ ಪ್ಲೀಸ್.

ಉಸುಕಿನ_ಸಾವ್ಕಾರ

ತಮ್ಮಾ, ಮೊದಲ ಅವ್ವಗ ಫೋನ್ ಹಚ್ಚಿ ಸಮಾಧಾನ ಮಾಡು. ಟೋಪಿ ಒಂದ ಮ್ಯಾಲ ಉಳಿಯೂ ಸೀನ್ ಶುದ್ಧ ಸುಳ್ಳು. ನಾನು ಸಿವಿಲ್ ಇಂಜಿನಿಯರ್, ಬಾಗಲಕೋಟಿಯಾವ, ಬ್ಯಾರೇಜು ಕಾಲುವಿ ಕೆಲಸದಾಗ ಅರ್ಧ ಆಯುಷ್ಯ ಉಸುಕಿನ್ಯಾಗ ಕಳದೀನಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಓದಾಕ ತ್ರಾಸ ಆದ್ರ ಬಿಡ್ರಿ.

ಉಸುಕು ನೀರು ಕೂಡಿದ ಆ ರಾಡಿ ಐತೆಲ್ಲ, ಅದರ ಸಾಂದ್ರತೆ ಲೀಟರಿಗೆ 2 ಕೆಜಿ ಹತ್ರ ಬರ್ತೈತಿ. ಮನುಷ್ಯಾನ ಮೈ ಹೆಚ್ಚುಕಡಿಮಿ ನೀರಿನಷ್ಟ, ಲೀಟರಿಗೆ 1 ಕೆಜಿ. ಅಂದ್ರ ನಿನ್ನ ಅರ್ಧ ಮೈ ಒಳಗ ಹೋಗೂದ್ರಾಗ ಅದು ನಿನ್ನ ಪೂರಾ ತೂಕ ಹೊತ್ಕೊಂಡ ಬಿಡ್ತೈತಿ. ಸೊಂಟದ ಮಟ ಹೋದಿ ಅಂದ್ರ ಮುಂದ ನೀ ಹೋಗ್ತೀನಿ ಅಂದ್ರೂ ಅದು ಬಿಡಂಗಿಲ್ಲ. ಈಜು ಬರದಿದ್ದಾವ ಸೈತ ಅದರಾಗ ತೇಲತಾನ, ನೀರಿನ್ಯಾಗಿಂತ ಛಲೋನ ತೇಲತಾನ.

ಇದು ನನ್ನ ಲೆಕ್ಕ ಅಲ್ಲ. ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಡೇನಿಯಲ್ ಬಾನ್ ಅನ್ನೂ ಭೌತವಿಜ್ಞಾನಿ ಮತ್ತ ಅವರ ತಂಡದವರು ಇದನ್ನ ಲ್ಯಾಬಿನ್ಯಾಗ ಮಾಡಿ ನೋಡಿ 2005ರಾಗ ನೇಚರ್ ಪತ್ರಿಕೆಯೊಳಗ ಹಾಕ್ಯಾರ. ಇರಾನಿನ ಕೋಮ್ ಊರ ಹತ್ರ ಒಂದು ಉಪ್ಪಿನ ಸರೋವರ ಐತಿ, ಅಲ್ಲಿ ಒಂಟಿ ಒಂಟೀನ ಮುಳುಗಿ ಮಾಯ ಆಗ್ತಾವು ಅಂತ ಮಂದಿ ಕಥಿ ಹೇಳ್ತಾರ. ಬಾನ್ ಅಲ್ಲಿಯ ಉಸುಕು ತಂದು ನೋಡಿದ್ರ ಒಳಗ ಇದ್ದದ್ದು ಸಣ್ಣ ಉಸುಕು, ಸ್ವಲ್ಪ ಜೇಡಿ, ಉಪ್ಪುನೀರು, ಮುಗೀತು. ಅಂಥಾದ್ದ ಮಾಡಿಕೊಂಡು ಅದರ ಮ್ಯಾಲ ಮನುಷ್ಯಾನಷ್ಟ ಸಾಂದ್ರತೆ ಇರೂ ಅಲ್ಯೂಮಿನಿಯಂ ಮಣಿ ಇಟ್ರು. ಸುಮ್ಮನ ಇಟ್ರ ಮ್ಯಾಲ ಕುಂತವು. ಅಲ್ಲಾಡಿಸಿದ್ರು, ಇಳದವು, ಆದ್ರ ಅರ್ಧ ಇಳದು ನಿಂತುಬಿಟ್ಟವು. ಎಷ್ಟ ಅಲ್ಲಾಡಿಸಿದ್ರೂ ಮುಂದ ಹೋಗಲಿಲ್ಲ.

ಈಗ ಅದು ಯಾಕ ಕುಸೀತೈತಿ ಅಂದ್ರ, ಉಸುಕಿನ ಕಾಳುಗಳ ನಡುವ ನೀರು ತುಂಬಿ, ಕಾಳು ಕಾಳಿಗೆ ತಾಗೀನೂ ತಾಗದಂಗ, ಜೇಡಿಯ ಆಸರಕ್ಕ ಹಂಗ ಬಡಕಲ ಬಡಕಲ ನಿಂತಿರ್ತಾವು. ಮ್ಯಾಲ ನೋಡಿದ್ರ ಗಟ್ಟಿ ನೆಲ. ಕಾಲು ಇಟ್ಟಿ ಅಂದ್ರ ಆ ಕಟ್ಟಡ ಒಮ್ಮೆಲೆ ಕುಸದು ನೀರಾಗ್ತೈತಿ. ಬಾನ್ ಅವರ ಲೆಕ್ಕದಾಗ ಒತ್ತಡ ಬರೇ ಶೇಕಡಾ 1ರಷ್ಟು ಹೆಚ್ಚಾದ್ರ ಅದರ ಸ್ನಿಗ್ಧತೆ, ಅಂದ್ರ ಹರಿಯಾಕ ಅದು ಒಡ್ಡೂ ತಡೆ, ಹತ್ತು ಲಕ್ಷ ಪಟ್ಟು ಇಳೀತೈತಿ. ಇಲ್ಲೀತನಕ ಹೆದರೂದು ಏನಿಲ್ಲ. ಖರೇ ಆಟ ಆಮ್ಯಾಲ ಶುರು. ಕುಸದ ಮ್ಯಾಲ ನೀರು ಮ್ಯಾಲ ಬರ್ತೈತಿ, ಉಸುಕು ಕೆಳಗ ನಿನ್ನ ಕಾಲಿನ ಸುತ್ತ ಗಿಚ್ಚಾಗಿ ಕುಂದರತೈತಿ. ಆ ಕೂತ ಉಸುಕಿನಿಂದ ಪಾದ ಒಂದನ್ನ ಸೆಕೆಂಡಿಗೆ ಒಂದು ಸೆಂಟಿಮೀಟರ್‌ನಂಗ ಮ್ಯಾಲ ಎಳೀಬೇಕಂದ್ರ ಸುಮಾರು 10,000 ನ್ಯೂಟನ್ ಬೇಕು. ಅಂದ್ರ ಒಂದು ಟನ್ ತೂಕ ಎತ್ತೂ ಬಲ, ಒಂದು ಕಾರು ಎತ್ತಿದಂಗ. ಜೀಪಿಗೆ ಹಗ್ಗ ಕಟ್ಟಿ ಎಳದ್ರ ಉಸುಕು ಕಾಲು ಬಿಡೂಕಿಂತ ಮೊದಲ ಸೊಂಟ ಬಿಡ್ತೈತಿ.

ಕ್ವಿಕ್‌ಸ್ಯಾಂಡ್ ಅಂದ್ರ ಬ್ಯಾರೆ ಜಾತಿ ಉಸುಕು ಅಂತ ತಿಳ್ಕೊಳ್ಳಬ್ಯಾಡ್ರಿ. ಯಾವ ಉಸುಕಾದ್ರೂ ಕೆಳಗಿಂದ ನೀರು ಮ್ಯಾಲ ಒತ್ತಿದ್ರ ಹಂಗಾಗ್ತೈತಿ. ಮಣ್ಣಿನ ತಾಕತ್ತಿನ ಲೆಕ್ಕ ಹಾಕಿದ ಇಂಜಿನಿಯರ್ ಟೆರ್ಜಾಘಿ 1920ರ ದಶಕದಾಗ ಹೇಳಿದ್ದು ಇದನ್ನ: ಮಣ್ಣಿನ ತಾಕತ್ತು ಕಾಳುಗಳು ಒಂದಕ್ಕೊಂದು ಎಷ್ಟು ಒತ್ತಿಕೊಂಡಾವು ಅನ್ನೂದ್ರ ಮ್ಯಾಲ, ನೀರಿನ ಒತ್ತಡ ಅದನ್ನ ತಿಂದ್ರ ತಾಕತ್ತು ಸೊನ್ನೆ. ಚಿನಾಬ್ ನದಿಗೆ ಅಡ್ಡ ಕಟ್ಟಿದ ಖಾಂಕಿ ವಿಯರ್ (ಒಡ್ಡು) 1895ರಾಗ ಹಿಂಗ ತಳದ ಉಸುಕು ನೀರಿನ ಜೋಡಿ ಕೊಚ್ಚಿಹೋಗಿ ಕುಸೀತು, ಆಮ್ಯಾಲ ನಮ್ಮ ದೇಶದ ಇಂಜಿನಿಯರ್ ಎ. ಎನ್. ಖೋಸ್ಲಾ ಅವರು ಇದರ ಲೆಕ್ಕ ಹಾಕಿದ್ರು, ಇವತ್ತಿಗೂ ಬ್ಯಾರೇಜು ಕಟ್ಟೂವರು ಅದನ್ನ ಓದ್ತಾರ. ಭೂಕಂಪದಾಗೂ ಇದ ಕಥಿ. 1964ರಾಗ ಜಪಾನಿನ ನೀಗಾತಾದೊಳಗ ಅಪಾರ್ಟ್‌ಮೆಂಟ್ ಬಿಲ್ಡಿಂಗ್ ಮುರೀಲಿಲ್ಲ, ಒಡೀಲಿಲ್ಲ, ನೆಲ ನೀರಾಗಿ ಇಡಿಗೆ ಇಡಿ ವಾಲಿ ಮಕ್ಕೊಂಡವು. 2001ರ ಭುಜ್ ಭೂಕಂಪದಾಗ ಕಚ್ಛಿನ ರಣದ ತುಂಬ ನೆಲದೊಳಗಿಂದ ಉಸುಕು ನೀರು ಉಕ್ಕಿ ಬಂದಿತ್ತು.

ಸಾಕು, ಕ್ಲಾಸ್ ಮುಗೀತು.

ಸುಮ್ನೆ_ಕೇಳ್ತೀನಿ

ಸಾವ್ಕಾರ್ರೇ ಸಾಂದ್ರತೆ ಗೀಂದ್ರತೆ ಎಲ್ಲ ಸರಿ, ಪೇಪರ್ ಮೇಲೆ ಚೆನ್ನಾಗಿದೆ. ಮುಳುಗಲ್ಲ ಅಂದ್ಮೇಲೆ ಅದೇ ಮೋರ್ಕಂ ಬೇನಲ್ಲಿ 2004ರಲ್ಲಿ ಒಂದೇ ರಾತ್ರಿ ಅಷ್ಟು ಜನ ಹೇಗೆ ಸತ್ರು? ವಿಜ್ಞಾನಿಗಳು ಲ್ಯಾಬಲ್ಲಿ ಮಣಿ ಬಿಟ್ಟು ನೋಡೋದಕ್ಕೂ ನಿಜವಾಗ್ಲೂ ಸಿಕ್ಕಾಕೊಳ್ಳೋದಕ್ಕೂ ವ್ಯತ್ಯಾಸ ಇಲ್ವಾ?

ಮೈಸೂರ್_ಟು_ಲ್ಯಾಂಕಾಸ್ಟರ್

ಇದಕ್ಕೆ ನಾನು ಹೇಳ್ತೀನಿ, ನಾವು ಇರೋದೇ ಆ ಕೊಲ್ಲಿಯ ಪಕ್ಕ, ಬಾಲ್ಕನಿಯಿಂದ ಮರಳು ಕಾಣುತ್ತೆ.

2004ರ ಫೆಬ್ರವರಿ 5ರ ರಾತ್ರಿ ಸತ್ತವರು ಚೀನಾದಿಂದ ಬಂದಿದ್ದ ಕೂಲಿಯವರು, ಕಾಗದಪತ್ರ ಇಲ್ಲದೋರು. ಹೆಸ್ಟ್ ಬ್ಯಾಂಕ್ ಹತ್ರದ ಮರಳಲ್ಲಿ ಕಾಕಲ್ ಅಂತ ಚಿಪ್ಪು ಆರಿಸೋಕೆ ಕತ್ತಲಲ್ಲಿ ಕರ್ಕೊಂಡು ಹೋಗಿದ್ರು. ಇಂಗ್ಲಿಷ್ ಬರಲ್ಲ, ಉಬ್ಬರ ಯಾವಾಗ ಬರುತ್ತೆ ಅಂತ ಹೇಳೋರಿಲ್ಲ, ಚಳಿಗಾಲದ ನೀರು. ಕಮ್ಮಿ ಅಂದ್ರೂ 21 ಜನ ಹೋದ್ರು. ಅವರನ್ನ ಕಳಿಸಿದ ಮೇಸ್ತ್ರಿಗೆ 2006ರಲ್ಲಿ ಕೋರ್ಟು 14 ವರ್ಷ ಜೈಲು ಹಾಕ್ತು, ಆ ದುರಂತ ಆದ್ಮೇಲೇ ಇಲ್ಲಿ ಕೂಲಿ ಮೇಸ್ತ್ರಿಗಳು ಲೈಸೆನ್ಸ್ ತಗೋಬೇಕು ಅಂತ ಕಾನೂನು ಬಂತು. ಆದ್ರೆ ಗಮನಿಸಿ, ಅವರನ್ನ ಕೊಂದಿದ್ದು ಮರಳಲ್ಲ. ನೀರು, ಚಳಿ, ಮತ್ತೆ ಅವರನ್ನ ಅಲ್ಲಿ ಬಿಟ್ಟ ದುರಾಸೆ.

ಈ ಕೊಲ್ಲಿ ಸುಮಾರು 310 ಚದರ ಕಿಲೋಮೀಟರ್, ಚಪ್ಪಟೆ ನೆಲ. ಉಬ್ಬರ ಇಳಿತದ ನಡುವೆ ನೀರಿನ ಮಟ್ಟ ದೊಡ್ಡ ದಿನಗಳಲ್ಲಿ 10 ಮೀಟರ್ ತನಕ ಏರಿಳಿಯುತ್ತೆ. ನೆಲ ಇಷ್ಟು ಚಪ್ಪಟೆ ಇರೋದ್ರಿಂದ ನೀರು ಎದುರಿಂದ ಅಲೆಯಾಗಿ ಬರೋದಿಲ್ಲ, ನೀವು ನಿಂತಿರೋ ದಿಬ್ಬದ ಹಿಂದಿನ ಕಾಲುವೆ ಮೊದ್ಲು ತುಂಬ್ಕೊಳ್ಳುತ್ತೆ. ಮುಂದೆ ನೋಡಿದ್ರೆ ಒಣ ಮರಳು, ತಿರುಗಿ ನೋಡಿದ್ರೆ ದಡಕ್ಕೂ ನಿಮಗೂ ನಡುವೆ ನದಿ. ಇಂಥ ಜಾಗದಲ್ಲಿ ಮೊಣಕಾಲ ತನಕ ಹೂತ್ರೂ ಸಾಕಲ್ವಾ? ಸೊಂಟಕ್ಕಿಂತ ಕೆಳಗೆ ಹೋಗಲ್ಲ ಅನ್ನೋದು ನಿಜ, ಆದ್ರೆ ಸೊಂಟದ ತನಕ ಹೂತವನ ತಲೆ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿರುತ್ತೆ ಅಷ್ಟೆ.

ಅಲಾಸ್ಕಾದಲ್ಲಿ ಆಂಕರೇಜ್ ಪಕ್ಕ ಟರ್ನಗೇನ್ ಆರ್ಮ್ ಅಂತ ಇದೆ, ಹಿಮನದಿ ಅರೆದ ಕಲ್ಲುಪುಡಿಯ ಕೆಸರು. 2023ರ ಮೇನಲ್ಲಿ ಅಲ್ಲಿ 20 ವರ್ಷದ ಹುಡುಗ ಸೊಂಟದ ತನಕ ಸಿಕ್ಕಾಕೊಂಡ, ಸ್ನೇಹಿತರು ಜೊತೇಲೇ ಇದ್ರು, ಬಿಡಿಸೋಕೆ ಜನ ಬಂದ್ರು, ಅಷ್ಟರಲ್ಲಿ ಉಬ್ಬರ ಬಂದೇಬಿಡ್ತು. ಉಬ್ಬರ ಇಲ್ಲದ ಕಡೆ ಚಳಿ. 2019ರ ಫೆಬ್ರವರಿಯಲ್ಲಿ ಅಮೆರಿಕದ ಜಯಾನ್ ನ್ಯಾಷನಲ್ ಪಾರ್ಕ್‌ನಲ್ಲಿ ಒಬ್ರು ಹಳ್ಳ ದಾಟುವಾಗ ಒಂದು ಕಾಲು ಮೊಣಕಾಲಿಂದ ಮೇಲಿನ ತನಕ ಹೋಯ್ತು ಅಷ್ಟೆ. ಜೊತೆಗಿದ್ದ ಹುಡುಗಿ ಮೊಬೈಲ್ ಸಿಗ್ನಲ್ ಸಿಗೋ ತನಕ ಗಂಟೆಗಟ್ಟಲೆ ನಡ್ಕೊಂಡು ಹೋದ್ಲು. ಅಷ್ಟೂ ಹೊತ್ತು ಆತ ಹಿಮ ಬೀಳ್ತಿರುವಾಗ ಕೊರೆಯೋ ನೀರಲ್ಲಿ ನಿಂತಿದ್ದ. ರೇಂಜರ್‌ಗಳು ಬಂದು ರಾಟೆ ಹಗ್ಗ ಹಾಕಿ ನಿಧಾನಕ್ಕೆ ಬಿಡಿಸಿದ್ರು, ಬದುಕಿದ.

ಅದಕ್ಕೇ ಬೆಣ್ಣೆದೋಸೆ ಅವರೇ, ನುಂಗುತ್ತಾ ಅಂತ ಕೇಳ್ಬೇಡಿ, ಹಿಡ್ಕೊಂಡ್ರೆ ನನ್ನ ಹತ್ರ ಎಷ್ಟು ಹೊತ್ತಿದೆ ಅಂತ ಕೇಳ್ಕೊಳ್ಳಿ.

ಬೆಣ್ಣೆದೋಸೆ_ಪ್ರೆಸ್ಟನ್

ಮೇಡಂ ಇದನ್ನ ನಮ್ಮನೆಯವಳಿಗೆ ತೋರ್ಸಲ್ಲ ನಾನು 😅 ಸರಿ, ಹೋದೆ ಅಂತಿಟ್ಕೊಳ್ಳಿ, ಎರಡೂ ಕಾಲು ಸಿಕ್ಕಿಬಿಡ್ತು. ಆಗ ಕೈಕಾಲು ಏನು ಮಾಡ್ಬೇಕು, ಅದನ್ನ ಹೇಳಿ.

ಮೈಸೂರ್_ಟು_ಲ್ಯಾಂಕಾಸ್ಟರ್

ಇಲ್ಲಿನ ಗೈಡ್ ಹೇಳ್ಕೊಟ್ಟಿದ್ದು, ಕೋಸ್ಟ್‌ಗಾರ್ಡ್‌ನೋರು ಶಾಲೆಗೆ ಬಂದಾಗ ತೋರಿಸಿದ್ದು ಎರಡೂ ಸೇರಿಸಿ ಹೇಳ್ತೀನಿ.

ಮೊದಲನೇದು, ಸಿಗೋಕೆ ಮುಂಚೆ ನೆಲ ಸುಳಿವು ಕೊಡುತ್ತೆ. ಮರಳು ಮೇಲೆ ಹೊಳೀತಿರುತ್ತೆ, ಸುತ್ತಮುತ್ತ ಅಲೆ ಗೆರೆ ಇದ್ದು ಅಲ್ಲಿ ಮಾತ್ರ ನುಣ್ಣಗಿರುತ್ತೆ, ಹೆಜ್ಜೆ ಇಟ್ರೆ ಒಂದು ಮಾರು ದೂರದ ನೆಲಾನೂ ತೂಗುತ್ತೆ. ಹಾಗೆ ತೂಗಿದ ತಕ್ಷಣ ನಿಂತು ಫೋಟೋ ತೆಗೀಬೇಡಿ, ಬಂದ ದಾರಿಗೆ ಬೇಗ ಬೇಗ ಸಣ್ಣ ಹೆಜ್ಜೆ ಹಾಕಿ ವಾಪಸ್ ಬನ್ನಿ. ಹೆಚ್ಚು ಜನ ಸಿಗೋದು ನಿಂತಿದ್ದಕ್ಕೆ.

ಸಿಕ್ಕಿದ್ರೆ, ಮೊದ್ಲು ಫೋನ್. ಇದನ್ನ ಎಲ್ರೂ ಕೊನೆಗೆ ಮಾಡ್ತಾರೆ, ನಾಚಿಕೆ. ನೀವು ಇರೋದು ಉಬ್ಬರದ ನೆಲದಲ್ಲಿ, ಪ್ರಯತ್ನ ಮಾಡಿ ನೋಡ್ತೀನಿ ಅಂತ ಇಪ್ಪತ್ತು ನಿಮಿಷ ಕಳೆದು ಆಮೇಲೆ ಫೋನ್ ಮಾಡೋದ್ರಲ್ಲಿ ಅರ್ಥ ಇಲ್ಲ. ಇಲ್ಲಿ 999 ಒತ್ತಿ ಕೋಸ್ಟ್‌ಗಾರ್ಡ್ ಅಂತ ಕೇಳಿ. ಬಿಡಿಸ್ಕೊಂಡ್ಬಿಟ್ರೆ ವಾಪಸ್ ಹೇಳಿದ್ರಾಯ್ತು, ಯಾರೂ ಬೈಯಲ್ಲ.

ಆಮೇಲೆ ಬ್ಯಾಗ್ ಬಿಸಾಕಿ, ಅಥವಾ ಬೆನ್ನ ಹಿಂದೆ ನೆಲದ ಮೇಲೆ ಇಡಿ, ಒರಗೋಕೆ ಆಗುತ್ತೆ. ಹಿಂದಕ್ಕೆ ಕೂತ್ಕೊಳ್ಳಿ, ಹಾಗೇ ಮಲಗಿದಂಗೆ ವಾಲಿ, ಕೈ ಎರಡೂ ಕಡೆ ಅಗಲಿಸಿ. ಬಟ್ಟೆ ಹಾಳಾಗುತ್ತೆ, ಆಗ್ಲಿ. ನಿಂತಿರೋ ಮನುಷ್ಯನ ಭಾರ ಎಲ್ಲ ಎರಡು ಪಾದದ ಮೇಲೆ, ಮಲಗಿದವನ ಭಾರ ಬೆನ್ನಿಗೆಲ್ಲ ಹರಡಿಕೊಳ್ಳುತ್ತೆ, ಆಗ ಕಾಲಿನ ಮೇಲಿನ ಒತ್ತಡ ಇಳಿಯುತ್ತೆ.

ಈಗ ಕಾಲು. ಎಳೀಬೇಡಿ. ಸ್ಟೀಲ್ ಲೋಟ ಒಂದರೊಳಗೊಂದು ಕಚ್ಕೊಂಡಾಗ ನಮ್ಮಮ್ಮ ಏನು ಮಾಡ್ತಿದ್ರು ಗೊತ್ತಲ್ಲ, ಜಗ್ಗಿದ್ರೆ ಬರಲ್ಲ, ಸಂದಿಗೆ ನೀರು ಬಿಟ್ಟು ಅತ್ಲಾಗೆ ಇತ್ಲಾಗೆ ತಿರುಗಿಸ್ತಿದ್ರು, ಇದೂ ಅದೇ. ಒಂದು ಕಾಲನ್ನ ಮಾತ್ರ ತಗೊಂಡು ಹಿಮ್ಮಡಿಯಿಂದ ಸಣ್ಣಕ್ಕೆ ಹಿಂದೆ ಮುಂದೆ, ಆಮೇಲೆ ಗುಂಡಗೆ ಆಡಿಸ್ತಾ ಇರಿ. ಕಾಲಿನ ಸುತ್ತ ಸಂದಿ ಆಗುತ್ತೆ, ಮೇಲಿನ ನೀರು ಆ ಸಂದೀಲಿ ಕೆಳಗಿಳಿಯುತ್ತೆ, ಗಟ್ಟಿ ಕೂತ ಮರಳು ಮತ್ತೆ ಸಡಿಲ ಆಗುತ್ತೆ. ಒಂದೊಂದು ಇಂಚು ಬರುತ್ತೆ. ಜೋರಾಗಿ ಒದ್ದಾಡಿದ್ರೆ ಮರಳು ಇನ್ನೂ ಕುಸಿದು ಇನ್ನೂ ಬಿಗಿಯಾಗಿ ಕೂರುತ್ತೆ, ನಿಮ್ಗೂ ಸುಸ್ತು. ಅಲ್ಲಾಡಬಾರ್ದು ಅಂತ ಹೇಳೋರೂ ಪೂರ್ತಿ ಸರಿಯಲ್ಲ, ಅಲ್ಲಾಡದೆ ಕೂತ್ರೆ ಕಾಲು ಬರೋದೇ ಇಲ್ಲ. ಶೂ ಹಿಡ್ಕೊಂಡ್ರೆ ಶೂ ಅಲ್ಲೇ ಬಿಟ್ಬಿಡಿ. ಗಮ್‌ಬೂಟ್ ಅಂತೂ ಹಾಕ್ಕೊಂಡು ಹೋಗ್ಲೇಬೇಡಿ, ಒಳಗೆ ಮರಳು ನೀರು ತುಂಬಿ ಅದೇ ಒಂದು ಲಂಗರು ಆಗ್ಬಿಡುತ್ತೆ.

ಒಂದು ಕಾಲು ಮೇಲೆ ಬಂದ್ರೆ ಅದನ್ನ ಮರಳಿನ ಮೇಲೆ ಚಾಚಿ ಇಟ್ಕೊಳ್ಳಿ, ಊರಿ ಎದ್ದೇಳೋಕೆ ಹೋಗ್ಬೇಡಿ, ಅಲ್ಲೇ ಎಲ್ರೂ ಎರಡನೇ ಸಲ ಸಿಗೋದು. ಎರಡೂ ಬಂದ್ಮೇಲೆ ಉರುಳಿ, ಇಲ್ಲ ಮೊಣಕೈ ಮೊಣಕಾಲಲ್ಲಿ ತೆವಳಿ, ನೀವು ಬಂದ ಕಡೆಗೇ ಹೋಗಿ, ಯಾಕಂದ್ರೆ ಆ ನೆಲ ನಿಮ್ಮನ್ನ ಹೊತ್ತಿತ್ತು ಅಂತ ನಿಮಗೆ ಗೊತ್ತಿದೆ.

ಜೊತೇಲಿರೋರು ಮಾಡೋ ತಪ್ಪು ಅಂದ್ರೆ ಓಡಿಬಂದು ಕೈ ಹಿಡಿದು ಜಗ್ಗೋದು. ಇಬ್ರೂ ಸಿಗ್ತಾರೆ. ದೂರದಿಂದಲೇ ಹಲಗೆನೋ ಮ್ಯಾಟ್‌ನೋ ಕೋಲೋ ತಳ್ಳಿ. ರಕ್ಷಣಾ ತಂಡದೋರು ಉದ್ದದ ಕೊಳವೆ ಒಂದನ್ನ ಕಾಲಿನ ಪಕ್ಕ ಇಳಿಬಿಟ್ಟು ನೀರು ಅಥವಾ ಗಾಳಿ ಹಾಯಿಸ್ತಾರೆ, ಅಷ್ಟಕ್ಕೇ ಮರಳು ಬಿಟ್ಕೊಡುತ್ತೆ. ಫ್ರಾನ್ಸ್‌ನ ಬಾಯು ಊರಿನ ಹನ್ನೊಂದನೇ ಶತಮಾನದ ಕಸೂತಿ ಪಟ್ಟಿ ಇದೆಯಲ್ಲ, ಅದರಲ್ಲಿ ಮೌಂಟ್ ಸೇಂಟ್ ಮಿಷೆಲ್ ಹತ್ರ ಹೂತುಹೋಗ್ತಿರೋ ಸೈನಿಕರನ್ನ ಹೆರಾಲ್ಡ್ ಒಬ್ಬನ್ನ ಹೆಗಲ ಮೇಲೆ ಹಾಕ್ಕೊಂಡು ಇನ್ನೊಬ್ಬನ್ನ ಕೈ ಹಿಡಿದು ಎಳೀತಿರೋ ಚಿತ್ರ ಇದೆ. ಮುಂದೆ ಇಂಗ್ಲೆಂಡ್‌ಗೆ ರಾಜ ಆಗೋನು, ನಡೆಯುತ್ತೆ. ನೀವು ಮಾಡ್ಬೇಡಿ.

ಉಸುಕಿನ_ಸಾವ್ಕಾರ

ಮೇಡಂ ಹೇಳಿದ್ದು ಅಕ್ಷರಶಃ ಖರೆ. ಒಂದ ಸೇರಸ್ತೀನಿ, ಮುಖ ಕೆಳಗಾಗಿ ಬಿದ್ರ ಸಾಂದ್ರತೆ ಲೆಕ್ಕ ಕೆಲಸಕ್ಕ ಬರಂಗಿಲ್ಲ. ತೇಲತೀವಿ ಅಂತ ಧೈರ್ಯ ಮಾಡಿ ಯಾರೂ ಟ್ರೈ ಮಾಡಾಕ ಹೋಗಬ್ಯಾಡ್ರಿ, ರೀಲ್ಸ್ ಹುಡುಗರಿಗೆ ಈ ಮಾತು.

ಅಘನಾಶಿನಿ_ದಡ

ನಾನು ಕುಮಟಾ ಕಡೆಯವ. ನಮ್ಮಲ್ಲಿ ಅಘನಾಶಿನಿ ಅಳಿವೆಯಲ್ಲಿ ಇಳಿತ ಆದಾಗ ಬೆಳಚು (ಚಿಪ್ಪು) ಆರಿಸೋಕೆ ಊರೆಲ್ಲ ನದಿಗೆ ಇಳೀತದೆ, ಹೆಂಗಸರೇ ಜಾಸ್ತಿ. ಅಲ್ಲಿ ಹೊಯ್ಗೆ ಇರೋ ಕಡೆ ಗಟ್ಟಿ, ಕೆಸರು ಇರೋ ಕಡೆ ತೊಡೆ ತನಕ ಹೋಗ್ತದೆ. ಹಾಗಂತ ಯಾರೂ ಕ್ವಿಕ್‌ಸ್ಯಾಂಡ್ ಅಂತ ಹೇಳಿದ್ದು ಕೇಳಿಲ್ಲ, ಕೆಸರು ಅಂತ್ಲೇ ಹೇಳೋದು. ನಮ್ಮ ದೊಡ್ಡಮ್ಮನ ಲೆಕ್ಕ ಒಂದೇ, ಭರತ ತಿರುಗೋ ಹೊತ್ತಿಗೆ ಬುಟ್ಟಿ ಅರ್ಧ ಆಗಿರ್ಲಿ ತುಂಬಿರ್ಲಿ ದಡಕ್ಕೆ ಬಂದಿರಬೇಕು. ಆ ಚೀನಾದವ್ರ ಕಥೆ ಓದಿ ಹೊಟ್ಟೆ ತೊಳಸಿತು ಮಾರ್ರೆ, ಇದೇ ಕೆಲಸ ಮಾಡೋರು ಅವ್ರೂ, ಹೊತ್ತು ಹೇಳೋಕೆ ಒಬ್ಬ ದೊಡ್ಡಮ್ಮ ಇರ್ಲಿಲ್ಲ ಅಷ್ಟೆ.

ಸುಮ್ನೆ_ಕೇಳ್ತೀನಿ

ಓಕೆ ಒಪ್ಕೊಂಡೆ. ಇನ್ನೊಂದು ಡೌಟ್. ಬೇಸಿಗೇಲಿ ಕೆರೆ ಹೂಳಲ್ಲಿ ಆನೆ ಸಿಕ್ಕಾಕೊಂಡು ಅರಣ್ಯ ಇಲಾಖೆಯೋರು ಜೆಸಿಬಿ ತಂದು ಎತ್ತಿದ್ರು ಅಂತ ನ್ಯೂಸ್ ಬರ್ತಾನೇ ಇರುತ್ತಲ್ಲ, ಅದೂ ಕ್ವಿಕ್‌ಸ್ಯಾಂಡೇನಾ? ಮತ್ತೆ ಹೊಳೇಲಿ ಈಜೋಕೆ ಹೋದ ಹುಡುಗ್ರು ಮರಳಲ್ಲಿ ಎಳ್ಕೊಂಡು ಹೋಯ್ತು ಅಂತಾರಲ್ಲ?

ಉಸುಕಿನ_ಸಾವ್ಕಾರ

ಕೆರಿ ಹೂಳು ಬ್ಯಾರೆ. ಅದು ಜೇಡಿ ಗೋಡು, ಮ್ಯಾಲ ಒಣಗಿ ಹಕ್ಕಳಿ ಕಟ್ಟಿರ್ತೈತಿ, ಕೆಳಗ ಹಸಿ. ಅಷ್ಟ ದೊಡ್ಡ ಪ್ರಾಣಿ ಭಾರ ನಾಕು ಕಾಲಿನ ಮ್ಯಾಲ ಬಿದ್ದು ಹಕ್ಕಳಿ ಒಡದು ಒಳಗ ಹೋಗ್ತೈತಿ. ಅದಕ್ಕ ಹಿಂದಕ್ಕ ಮಲಗು, ಕಾಲು ಗುಂಡಗ ಆಡಿಸು ಅಂತ ಹೇಳಾವ ಯಾರು? ಒದ್ದಾಡಿ ಒದ್ದಾಡಿ ದಣದು ಬಿಸಲಿಗೆ ನೀರಿಲ್ಲದ ಸಾಯ್ತಾವು. ಎಮ್ಮಿ ದನಕ್ಕೂ ಅದ ಗತಿ.

ಹೊಳಿ ಹುಡುಗರದು ಪೂರಾ ಬ್ಯಾರೆ ಮಾತು. ಅಲ್ಲಿ ಎಳಿಯೂದು ಉಸುಕಲ್ಲ. ಉಸುಕು ತಗದು ತಗದು ಹೊಳಿ ತಳದಾಗ ಆಳ ಗುಂಡಿ ಬಿಟ್ಟಿರ್ತಾರ, ಮ್ಯಾಲಿಂದ ನೀರು ಒಂದ ಸಮ ಕಾಣ್ತೈತಿ. ಮೊಣಕಾಲುದ್ದ ನೀರಿನ್ಯಾಗ ನಡಕೋತ ಹೋದಾವ ಮುಂದಿನ ಹೆಜ್ಜಿಗೆ ಎರಡಾಳು ಗುಂಡಿಯೊಳಗ. ಗುಂಡಿ ಅಂಚಿನ ಉಸುಕು ಸಡಲ ಇರ್ತೈತಿ, ಮ್ಯಾಲ ಹತ್ತಾಕ ಹೋದ್ರ ಕೈಯಾಗ ಕುಸದು ಬರ್ತೈತಿ. ಅದನ್ನ ಮಂದಿ ಉಸುಕು ನುಂಗಿತು ಅಂತಾರ. ಗುಂಡಿ ತಗದಾವನ ಹೆಸರು ಯಾರೂ ಹೇಳಂಗಿಲ್ಲ, ಉಸುಕಿಗೆ ಬೈದ್ರ ಉಸುಕು ಕೇಸ್ ಹಾಕಂಗಿಲ್ಲ ನೋಡ್ರಿ.

ಜೋಳದ_ಕಣಜ

ಲೇಟಾಗಿ ಬಂದೆ, ಆದ್ರೆ ಒಂದು ವಿಷಯ ಹೇಳ್ದೆ ಹೋದ್ರೆ ಸಮಾಧಾನ ಇಲ್ಲ. ಇಲ್ಲಿ ಎಲ್ರೂ ಮುಳುಗಲ್ಲ ಮುಳುಗಲ್ಲ ಅಂತಿದೀರಿ, ಒದ್ದೆ ಮರಳಿಗೆ ಸರಿ. ನಾನು ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ ಧಾನ್ಯ ತುಂಬಿಡೋ ಎತ್ತರದ ಕಣಜ, ಅಂದ್ರೆ ಸೈಲೋಗಳಿಗೆ ಸೆನ್ಸರ್ ಹಾಕೋ ಕೆಲಸ ಮಾಡ್ತೀನಿ. ಮುಸುಕಿನ ಜೋಳದ ರಾಶಿ ಒಂದು ಲೀಟರಿಗೆ ಸುಮಾರು 0.72 ಕೆಜಿ, ಅಂದ್ರೆ ನಮ್ಮ ಮೈಗಿಂತ ಹಗುರ. ಸಾವ್ಕಾರ್ರ ಲೆಕ್ಕಾನೇ ತಿರುಗಿಸಿ ಹಾಕಿ ನೋಡಿ, ಅದರಲ್ಲಿ ನಾವು ತೇಲಲ್ಲ. ಕೆಳಗಿನ ಬಾಗಿಲು ತೆಗೆದು ಕಾಳು ಇಳೀತಿರುವಾಗ ಮೇಲೆ ಯಾರಾದ್ರೂ ನಿಂತ್ರೆ ಕೆಲವೇ ಸೆಕೆಂಡಲ್ಲಿ ಮೊಣಕಾಲು ಹೋಗುತ್ತೆ, ಒಂದು ನಿಮಿಷದೊಳಗೇ ತಲೆ ಮುಚ್ಚಬಹುದು. ಪ್ರತಿ ವರ್ಷ ಇಲ್ಲಿ ರೈತರು ಹೀಗೆ ಸಾಯ್ತಾರೆ, ಮಕ್ಕಳೂ. ಸಿನಿಮಾದ ಟೋಪಿ ಸೀನ್ ನಿಜವಾಗ್ಲೂ ನಡೆಯೋದು ಸೈಲೋದಲ್ಲಿ.

ಬಿಡಿಸೋ ರೀತಿನೂ ಹೇಳ್ಬಿಡ್ತೀನಿ. ಅಲ್ಲೂ ಎಳೆಯಲ್ಲ. ಮನುಷ್ಯನ ಸುತ್ತ ತಗಡಿನ ಹಲಗೆ ಒಂದೊಂದೇ ಇಳಿಸಿ ಕೊಳವೆ ಥರ ಮಾಡ್ತಾರೆ, ಆಮೇಲೆ ಒಳಗಿನ ಕಾಳು ಮಾತ್ರ ತೆಗೀತಾ ಬರ್ತಾರೆ. ಊರಲ್ಲಿ ಈಗ ದೊಡ್ಡ ಸೈಲೋಗಳು ಬರ್ತಿವೆ, ಗೋದಾಮಿನ ಕೆಲಸಕ್ಕೆ ಹೋಗೋ ಹುಡುಗ್ರಿಗೆ ಯಾರಾದ್ರೂ ಇದನ್ನ ಹೇಳಿ.

ಉಸುಕಿನ_ಸಾವ್ಕಾರ

ಭೇಷ್. ಒಣ ಉಸುಕಿನ್ಯಾಗೂ ಹಿಂಗ ಮಾಡಬಹುದು ಅಂತ 2004ರಾಗ ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ತೋರಿಸ್ಯಾರ, ಸಣ್ಣ ಉಸುಕಿನ್ಯಾಗ ಕೆಳಗಿಂದ ಗಾಳಿ ಬಿಟ್ಟು ಸಡಲ ಮಾಡಿ, ಆಮ್ಯಾಲ ಗಾಳಿ ನಿಲ್ಲಿಸಿ ಮ್ಯಾಲ ಗುಂಡು ಇಟ್ರ ಪೂರಾ ಮಾಯ. ಆದ್ರ ಅದು ಲ್ಯಾಬಿನ ಮಾತು. ಮರುಭೂಮಿ ಒಣ ಉಸುಕಿನ್ಯಾಗ ಹಂಗ ಮುಳುಗೂದು ಮತ್ತ ಸಿನಿಮಾನ.

ಬೆಣ್ಣೆದೋಸೆ_ಪ್ರೆಸ್ಟನ್

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೆಲ್ಲ ಸಿಗುತ್ತೆ ಅಂದ್ಕೊಂಡಿರ್ಲಿಲ್ಲ. ಮೈಸೂರ್ ಮೇಡಂ, ಕೊನೇ ಪ್ರಶ್ನೆ. ಹಾಗಾದ್ರೆ ಹೋಗ್ಬಹುದಾ? ಮಗನ್ನ ಕರ್ಕೊಂಡು?

ಮೈಸೂರ್_ಟು_ಲ್ಯಾಂಕಾಸ್ಟರ್

ಗೈಡ್ ಇದ್ರೆ ಧಾರಾಳವಾಗಿ ಹೋಗಿ, ಇಲ್ಲದೆ ಹೋದ್ರೆ ಹತ್ತು ಹೆಜ್ಜೆನೂ ಬೇಡ. ಈ ಕೊಲ್ಲಿಗೆ ರಾಜನೇ ನೇಮಿಸೋ ಗೈಡ್ ಇದಾರೆ, 1548ರಿಂದ ನಡ್ಕೊಂಡು ಬಂದಿರೋ ಹುದ್ದೆ. ಸಂಬಳ ಎಷ್ಟು ಗೊತ್ತಾ, ವರ್ಷಕ್ಕೆ 15 ಪೌಂಡ್, ಜೊತೆಗೆ ಇರೋಕೆ ಒಂದು ಮನೆ! 1857ರಲ್ಲಿ ರೈಲು ಬರೋ ತನಕ ಜನ ಕುದುರೆಗಾಡಿ ಕಟ್ಕೊಂಡು ಈ ಮರಳು ದಾಟ್ತಿದ್ರು, ಕಾರ್ಟ್‌ಮೆಲ್ ಊರಿನ ಚರ್ಚ್ ದಾಖಲೇಲಿ ಹಾಗೆ ದಾಟೋವಾಗ ಹೋದವರ ಹೆಸರುಗಳಿವೆ. ಸೆಡ್ರಿಕ್ ರಾಬಿನ್ಸನ್ ಅಂತ ಇದ್ರು, 1963ರಿಂದ 2019ರ ತನಕ ಅವರೇ ಗೈಡ್, ಮೀನುಗಾರರ ಮನೆಯವರು, ಆಗಿನ ರಾಣಿ ಎಲಿಜಬೆತ್ ಅವರ ಗಂಡನ್ನೇ 1985ರಲ್ಲಿ ಕುದುರೆಗಾಡೀಲಿ ದಾಟಿಸಿದ್ದರು. ಇವರೆಲ್ಲ ಮಾಡೋದು ಏನಂದ್ರೆ, ನಡಿಗೆಗೆ ಮುಂಚೆ ಹೋಗಿ ಕೋಲಿಂದ ನೆಲ ಚುಚ್ಚಿ ನೋಡಿ, ಸರಿ ಇರೋ ಕಡೆ ಲಾರೆಲ್ ಗಿಡದ ಕೊಂಬೆ ನೆಟ್ಟು ಬರ್ತಾರೆ, ಅದಕ್ಕೆ ಇಲ್ಲಿ ಬ್ರಾಬ್ ಅಂತಾರೆ. ಲಾರೆಲ್ ಯಾಕಂದ್ರೆ ಉಬ್ಬರ ಬಂದು ಹೋದ್ರೂ ಎಲೆ ಉದುರಲ್ಲ. ಕೆಂಟ್ ನದಿ ಅಲ್ಲಿ ಪಾತ್ರ ಬದಲಾಯಿಸ್ತಾನೇ ಇರುತ್ತೆ, ಹೋದ ತಿಂಗಳ ದಾರಿ ಈ ತಿಂಗಳು ಇರಲ್ಲ. ಗೂಗಲ್ ಮ್ಯಾಪ್ ನೋಡ್ಕೊಂಡು ದಾಟ್ತೀನಿ ಅನ್ನೋರಿಗೆ ದೊಡ್ಡ ನಮಸ್ಕಾರ.

ಮಗನ ವಿಷಯ. ನಡುವೆ ಕೆಂಟ್ ನದೀನ ನಡ್ಕೊಂಡೇ ದಾಟ್ಬೇಕು, ನಮಗೆ ಮೊಣಕಾಲಿಂದ ತೊಡೆ ತನಕ ಬರೋ ನೀರು ಅವನಿಗೆ ಸೊಂಟ ಬರುತ್ತೆ. ನನ್ನ ಮಗಳೂ ಅದೇ ವಯಸ್ಸಲ್ಲಿ ಬಂದಿದ್ಲು, ನದಿ ಅವಳಿಗೆ ಖುಷಿ, ಆಮೇಲಿನ ಎರಡು ಗಂಟೆ "ಇನ್ನೆಷ್ಟು ದೂರ" ಅಂತ ನನ್ನ ಪ್ರಾಣ ತಿಂದ್ಲು. ಆಯೋಜಕರಿಗೆ ಮೊದ್ಲೇ ಮಗನ ವಯಸ್ಸು ಎತ್ತರ ಹೇಳಿ ಕೇಳಿ, ಅವರು ಬೇಡ ಅಂದ್ರೆ ವಾದ ಮಾಡ್ಬೇಡಿ. ಗೈಡ್ ನಿಲ್ಲಿ ಅಂದಾಗ ನಿಲ್ಲಬೇಕು, ಸಾಲು ಬಿಟ್ಟು ಫೋಟೋಗೆ ಅಂತ ಆ ಕಡೆ ಈ ಕಡೆ ಹೋಗಬಾರದು. ನಮ್ಮ ಸಲ ಗೈಡ್ ಒಂದು ಕಡೆ ಎಲ್ರನ್ನೂ ಉದ್ದಕ್ಕೆ ಹರಡಿ ನಿಲ್ಲಿಸಿದ್ರು, ಗುಂಪಾಗಿ ನಿಂತ್ರೆ ನೆಲ ತೂಗುತ್ತೆ ಅಂತ, ನಿಜವಾಗ್ಲೂ ತೂಗ್ತಿತ್ತು, ಮಕ್ಕಳು ಕುಣಿದಿದ್ದೇ ಕುಣಿದಿದ್ದು.

ಚಡ್ಡಿ ಹಾಕ್ಕೊಳ್ಳಿ, ಹಳೇ ಸ್ಪೋರ್ಟ್ಸ್ ಶೂ ಲೇಸ್ ಬಿಗಿಯಾಗಿ ಕಟ್ಟಿ, ಗಾಳಿ ಜೋರು ಇರುತ್ತೆ ಜಾಕೆಟ್ ಬೇಕು. ಕಾರು ಆರ್ನ್‌ಸೈಡ್‌ನಲ್ಲಿ ಬಿಟ್ರೆ ಕೆಂಟ್ಸ್ ಬ್ಯಾಂಕಿಂದ ರೈಲಲ್ಲಿ ವಾಪಸ್ ಬರಬಹುದು, ಸ್ಟೇಷನ್ ದಡದಲ್ಲೇ ಇದೆ. ಒಣ ಸಾಕ್ಸ್ ಎರಡು ಜೊತೆ ಪ್ಲಾಸ್ಟಿಕ್ ಕವರಲ್ಲಿ ಇಟ್ಕೊಳ್ಳಿ. ಚಪಾತಿ ರೋಲ್ ಮಾಡ್ಕೊಂಡು ಹೋಗಿ, ಆ ಕಡೆ ತಲುಪೋ ಹೊತ್ತಿಗೆ ಹಸಿವು ಕೇಳೋದೇ ಬೇಡ.

ಬೆಣ್ಣೆದೋಸೆ_ಪ್ರೆಸ್ಟನ್

ಆಯೋಜಕರಿಗೆ ಈಗ್ಲೇ ಮೇಲ್ ಹಾಕಿದೆ ಮೇಡಂ. ನಮ್ಮನೆಯವಳು ಹಿಂದೆ ನಿಂತು ಎಲ್ಲ ಓದಿಬಿಟ್ಲು, ಈಗ ತಾನೂ ಬರ್ತಾಳಂತೆ. ಅಮ್ಮಂಗೆ ಏನು ಹೇಳೋದು ಅಂತ ಇನ್ನೂ ಯೋಚನೆ ಮಾಡ್ತಿದೀವಿ.